ಉದ್ದೀಪನ ಔಷಧ ಮತ್ತು ಕ್ರೀಡಾ ಪ್ರಶಸ್ತಿ

ಪ್ರಶಸ್ತಿಯೆಂಬುದು ವ್ಯಕ್ತಿಯ ಪರಿಶ್ರಮಕ್ಕೆ ಸಮಾಜವು ಸಲ್ಲಿಸುವ ಗೌರವ. ಆ ಪರಿಶ್ರಮದೊಡನೆ ನಿಷಿದ್ಧ ಔಷಧವೂ ಬೆರೆತಿತ್ತೆಂದು ಮುಂದೆ ತಿಳಿದುಬಂದರೆ, ಕೊಟ್ಟ ಗೌರವವನ್ನು ಹಿಂದಕ್ಕೆ ಪಡೆಯಬೇಕೆ, ಉಳಿಸಬೇಕೆ? ಈ ಪ್ರಶ್ನೆ ಕನ್ನಡಿಗರಿಗೆ ದೂರದ್ದೇನೂ ಅಲ್ಲ.

2010ರ ಅಕ್ಟೋಬರಿನಲ್ಲಿ ದೆಹಲಿಯ ಜವಾಹರಲಾಲ್ ನೆಹರೂ ಕ್ರೀಡಾಂಗಣದಲ್ಲಿ ನಡೆದ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಭಾರತದ ಮಹಿಳೆಯರು 4×400 ಮೀಟರ್ ರಿಲೇ ಓಟದ ಚಿನ್ನದ ಪದಕವನ್ನು ಗೆದ್ದರು. ಆ ತಂಡದಲ್ಲಿ ಉಡುಪಿ ಜಿಲ್ಲೆಯ ಸಿದ್ದಾಪುರದ ಅಶ್ವಿನಿ ಅಕ್ಕುಂಜಿಯವರೂ ಇದ್ದರು. ಮರುತಿಂಗಳೇ ಗುವಾಂಗ್‌ಜೌ ಏಷ್ಯನ್ ಕ್ರೀಡಾಕೂಟದಲ್ಲಿ ಅವರು 400 ಮೀಟರ್ ಹರ್ಡಲ್ಸ್ ಮತ್ತು ರಿಲೇ ಎರಡರಲ್ಲಿಯೂ ಚಿನ್ನ ಗಳಿಸಿದರು. ಆದರೆ 2011ರಲ್ಲಿ ಅವರೂ ಇನ್ನೂ ಕೆಲವು ಓಟಗಾರ್ತಿಯರೂ ಸ್ಟೀರಾಯ್ಡ್ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು. ತರಬೇತುದಾರರು ಒದಗಿಸಿದ ಜಿನ್‌ಸೆಂಗ್ ಎಂಬ ಪೂರಕದಿಂದ ಹೀಗಾಯಿತೆಂದು ಅವರು ವಾದಿಸಿದರು. ಭಾರತದ ಶಿಸ್ತು ಸಮಿತಿಯು ಒಂದು ವರ್ಷದ ನಿಷೇಧವನ್ನು ವಿಧಿಸಿತು; 2012ರಲ್ಲಿ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿಯು ಅದನ್ನು ಎರಡು ವರ್ಷಕ್ಕೆ ಏರಿಸಿತು. 2010ರ ಪದಕಗಳು ಮಾತ್ರ ಅವರಲ್ಲಿಯೇ ಉಳಿದವು.

ಇದು ಪಕ್ಷಪಾತವಲ್ಲ, ನಿಯಮ. ಮಾದರಿ ಸಂಗ್ರಹಿಸಿದ ದಿನದಿಂದ ಮುಂದಿನ ಫಲಿತಾಂಶಗಳು ರದ್ದಾಗುತ್ತವೆ. ಅದಕ್ಕೆ ಹಿಂದಿನವು, ಆಗಲೂ ದೋಷವಿತ್ತೆಂದು ಸಿದ್ಧವಾಗುವವರೆಗೆ, ಹಾಗೆಯೇ ನಿಲ್ಲುತ್ತವೆ. ಶರೀರದಲ್ಲಿ ಕಂಡ ಪದಾರ್ಥಕ್ಕೆ ಕ್ರೀಡಾಪಟುವೇ ಹೊಣೆ. ‘ನನಗೆ ತಿಳಿಯದು’ ಎಂಬ ಮಾತಿನಿಂದ ಶಿಕ್ಷೆ ತಗ್ಗಬಹುದೇ ಹೊರತು ದೋಷವು ಅಳಿಯದು.

ಶರೀರಕ್ಕಾಗುವ ಹಾನಿ

ಈ ನಿಷೇಧವು ಕೇವಲ ನ್ಯಾಯಕ್ಕಾಗಿ ಅಲ್ಲ, ಆರೋಗ್ಯಕ್ಕಾಗಿಯೂ ಉಂಟು. ಸ್ಟೀರಾಯ್ಡುಗಳು ಪುರುಷ ಹಾರ್ಮೋನನ್ನು ಹೋಲುವ ಪದಾರ್ಥಗಳು. ಇವು ಸ್ನಾಯುಗಳನ್ನು ಬೆಳೆಸುತ್ತವೆ, ನಿಜ. ಜೊತೆಗೆ ಯಕೃತ್ತನ್ನು ಕೆಡಿಸುತ್ತವೆ, ರಕ್ತದೊತ್ತಡವನ್ನು ಏರಿಸುತ್ತವೆ, ಹೃದಯಕ್ಕೆ ಅಪಾಯ ತರುತ್ತವೆ. ಸ್ತ್ರೀಯರಲ್ಲಿ ಧ್ವನಿ ಗಡುಸಾಗಿ ಮುಖದ ಮೇಲೆ ರೋಮ ಬೆಳೆಯಬಹುದು, ಮುಟ್ಟು ಏರುಪೇರಾಗಬಹುದು. ಪುರುಷರಲ್ಲಿ ವೀರ್ಯಾಣುಗಳು ಕ್ಷೀಣಿಸುತ್ತವೆ. ಬೆಳೆಯುವ ವಯಸ್ಸಿನ ಮಕ್ಕಳಲ್ಲಿ ಮೂಳೆಯ ಬೆಳವಣಿಗೆ ಅಕಾಲದಲ್ಲಿಯೇ ನಿಂತು, ಎತ್ತರ ಕುಂಠಿತವಾಗುವುದೂ ಉಂಟು. ರಕ್ತಕಣಗಳನ್ನು ಹೆಚ್ಚಿಸುವ ಇ.ಪಿ.ಓ. ಎಂಬ ಚುಚ್ಚುಮದ್ದು ರಕ್ತವನ್ನು ಗಟ್ಟಿಗೊಳಿಸಿ ಹೃದಯಾಘಾತ, ಪಾರ್ಶ್ವವಾಯುಗಳಿಗೆ ದಾರಿ ಮಾಡುತ್ತದೆ.

ಎಲ್ಲ ತಪ್ಪೂ ಒಂದೇ ಅಲ್ಲ

1988ರ ಸಿಯೋಲ್ ಒಲಿಂಪಿಕ್ಸ್‌ನಲ್ಲಿ ಬೆನ್ ಜಾನ್ಸನ್ 100 ಮೀಟರ್ ದೂರವನ್ನು 9.79 ಸೆಕೆಂಡುಗಳಲ್ಲಿ ಓಡಿ, ಸ್ಟೀರಾಯ್ಡ್ ಸೇವಿಸಿದ್ದು ಪತ್ತೆಯಾಗಿ, ಪದಕವನ್ನು ಕಳೆದುಕೊಂಡ ಸಂಗತಿ ಸರ್ವವಿದಿತ. ಸೋನಿಪತ್ ಜಿಲ್ಲೆಯ ಸೀಮಾ ಪೂನಿಯಾ ಅವರ ಕಥೆ ಬೇರೆ. 2000ದ ವಿಶ್ವ ಕಿರಿಯರ ಕೂಟದಲ್ಲಿ ಡಿಸ್ಕಸ್ ಎಸೆತದಲ್ಲಿ ಗೆದ್ದ ಚಿನ್ನವನ್ನು, ನೆಗಡಿಯ ಔಷಧಗಳಲ್ಲಿರುವ ಸ್ಯೂಡೋಎಫಿಡ್ರಿನ್ ಕಾರಣವಾಗಿ ಅವರು ಕಳೆದುಕೊಂಡರು. ಪರೀಕ್ಷೆಯೇ ತಪ್ಪಿದ ಉದಾಹರಣೆಯೂ ಇದೆ: 2002ರ ಬುಸಾನ್ ಏಷ್ಯನ್ ಕ್ರೀಡಾಕೂಟದ ಬಳಿಕ ಸುನೀತಾ ರಾಣಿಯವರಿಂದ ಕಸಿದ ಪದಕಗಳನ್ನು, ಪ್ರಯೋಗಾಲಯದ ಲೋಪವು ಬಯಲಾದ ಮೇಲೆ ಮರಳಿ ನೀಡಬೇಕಾಯಿತು.

ರೋಹ್ಟಕ್ ಜಿಲ್ಲೆಯ ಬಾಕ್ಸರ್ ಅಮಿತ್ ಪಂಘಾಲ್ 2012ರಲ್ಲಿ, ಇನ್ನೂ ಹುಡುಗನಾಗಿದ್ದಾಗ, ಪರೀಕ್ಷೆಯಲ್ಲಿ ಸಿಕ್ಕಿ ಶಿಕ್ಷೆ ಅನುಭವಿಸಿದರು. 2018ರ ಏಷ್ಯನ್ ಚಿನ್ನ ಗೆದ್ದರೂ ಹಳೆಯ ಆ ಕಲೆಯಿಂದಾಗಿ ಅರ್ಜುನ ಪ್ರಶಸ್ತಿ ದೊರೆಯಲಿಲ್ಲ. 2021ರಲ್ಲಿ ಕೇಂದ್ರ ಕ್ರೀಡಾ ಸಚಿವಾಲಯವು ನಿಯಮವನ್ನು ಬದಲಿಸಿತು: ಶಿಕ್ಷೆಯ ಅವಧಿ ಮುಗಿಸಿದವರನ್ನು ಪರಿಗಣಿಸಬಹುದು, ಆದರೆ ಆ ಅವಧಿಯ ಸಾಧನೆಯನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ. 2022ರ ಅರ್ಜುನ ಪ್ರಶಸ್ತಿ ಪುರಸ್ಕೃತರಲ್ಲಿ ಅಮಿತ್ ಮತ್ತು ಸೀಮಾ ಇಬ್ಬರೂ ಇದ್ದರು.

ನ್ಯಾಯಸಮ್ಮತ ಮಾರ್ಗ

ಸುಳ್ಳು ದಾಖಲೆಯ ಆಧಾರದಲ್ಲಿ ಮಂಜೂರಾದ ಸಾಲವನ್ನು ಬ್ಯಾಂಕು ಹಿಂದಕ್ಕೆ ಕೇಳುತ್ತದೆ. ಆದರೆ ಹಿಂದೆ ಪ್ರಾಮಾಣಿಕವಾಗಿ ತೀರಿಸಿದ ಸಾಲದ ಖಾತೆಯನ್ನು ಸುಳ್ಳೆನ್ನುವುದಿಲ್ಲ. ಪ್ರಶಸ್ತಿಗೂ ಇದೇ ನ್ಯಾಯ ಸಲ್ಲಬೇಕು. ಔಷಧದ ಬಲದಿಂದ ಗೆದ್ದ ಪದಕವೇ ಪ್ರಶಸ್ತಿಗೆ ಆಧಾರವಾಗಿದ್ದರೆ, ಪ್ರಶಸ್ತಿಯನ್ನೂ ಅದರ ಹಣವನ್ನೂ ಹಿಂದಕ್ಕೆ ಪಡೆಯುವುದು ಯುಕ್ತ. 2020ರಿಂದ ಅರ್ಜುನ ಪ್ರಶಸ್ತಿಯ ಮೊತ್ತ 15 ಲಕ್ಷ ರೂಪಾಯಿ. ಅದು ಸಾರ್ವಜನಿಕರ ಹಣ. ಎರಡನೆಯ ಸ್ಥಾನಕ್ಕೆ ತಳ್ಳಲ್ಪಟ್ಟ ಪ್ರಾಮಾಣಿಕನ ನಷ್ಟವನ್ನೂ ಮರೆಯಲಾಗದು. ಪ್ರಶಸ್ತಿಗೆ ಆಧಾರವಾದ ಸಾಧನೆ ನಿರ್ದುಷ್ಟವಾಗಿದ್ದರೆ, ನಂತರದ ತಪ್ಪಿಗೆ ನಂತರದ ಶಿಕ್ಷೆಯೇ ಸಾಕು. ಮೇಲ್ಮನವಿ ಮುಗಿಯುವ ಮುನ್ನ ಯಾರನ್ನೂ ಅಪರಾಧಿಯೆನ್ನಲಾಗದು. ಔಷಧವನ್ನು ಒದಗಿಸಿದ ತರಬೇತುದಾರನನ್ನು ಬಿಟ್ಟು ಹಳ್ಳಿಯಿಂದ ಬಂದ ಹುಡುಗಿಯನ್ನು ಮಾತ್ರ ದಂಡಿಸಿದರೆ ರೋಗದ ಬೇರು ಹಾಗೆಯೇ ಉಳಿಯುತ್ತದೆ.

ಆ ಬೇರು ಆಳವಾಗಿದೆ. 2023ರಲ್ಲಿ ಭಾರತದಲ್ಲಿ ಪರೀಕ್ಷಿಸಿದ 5,606 ಮಾದರಿಗಳಲ್ಲಿ 213 ದೋಷಯುಕ್ತವಾಗಿದ್ದವು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಜವಾಹರಲಾಲ್ ನೆಹರೂ ಕ್ರೀಡಾಂಗಣದ ದೆಹಲಿ ರಾಜ್ಯ ಕೂಟಕ್ಕೆ ಪರೀಕ್ಷಾಧಿಕಾರಿಗಳು ಬಂದಾಗ, ಪುರುಷರ 100 ಮೀಟರ್ ಅಂತಿಮ ಓಟಕ್ಕೆ ಬಂದು ನಿಂತವನು ಒಬ್ಬನೇ!

ಮಕ್ಕಳನ್ನು ಮೈದಾನಕ್ಕೋ ವ್ಯಾಯಾಮಶಾಲೆಗೋ ಕಳುಹಿಸುವ ಪಾಲಕರು ಇದನ್ನು ಮನಗಾಣಬೇಕು. ಯಾರೋ ಕೊಟ್ಟ ಪುಡಿ, ಗುಳಿಗೆ, ಚುಚ್ಚುಮದ್ದುಗಳನ್ನು ವೈದ್ಯರ ಸಲಹೆಯಿಲ್ಲದೆ ಸೇವಿಸಲು ಬಿಡಬಾರದು. ಸ್ಪರ್ಧಿಸುವ ಮಗುವಿಗೆ ನೆಗಡಿಯ ಮಾತ್ರೆ ಬರೆಯುವಾಗಲೂ ಆ ವಿಷಯವನ್ನು ವೈದ್ಯರಿಗೆ ತಿಳಿಸಬೇಕು. ಚಿಕಿತ್ಸೆಗೆ ನಿಷಿದ್ಧ ಔಷಧವೇ ಅವಶ್ಯವಾದರೆ ಅನುಮತಿ ಪಡೆಯುವ ವಿಧಾನವೂ ಇದೆ. ಹಿಂದಕ್ಕೆ ಪಡೆದ ಪ್ರಶಸ್ತಿಯನ್ನು ಮತ್ತೊಮ್ಮೆ ಗಳಿಸಬಹುದು. ಕೆಟ್ಟ ಯಕೃತ್ತನ್ನೂ ಕುಂದಿದ ಹೃದಯವನ್ನೂ ಗಳಿಸಲಾಗದು.