ಲಿಂಗಪರ್ವತದ ತಪ್ಪಲಿನಲ್ಲಿ

ಪರ್ವತವೊಂದನ್ನೇ ಲಿಂಗವೆಂದು ಭಾವಿಸಿ, ಅದರ ತಪ್ಪಲಿನಲ್ಲಿ ಶತಮಾನಗಳ ಕಾಲ ಶಿವಪೂಜೆ ನಡೆಸಿದ ನಾಡೊಂದು ಭಾರತದ ಗಡಿಯಾಚೆ ಇದೆ ಎಂಬ ಸಂಗತಿ ನಮ್ಮಲ್ಲಿ ಅನೇಕರಿಗೆ ತಿಳಿದಿರಲಾರದು. ಆ ನಾಡು ಲಾವೋಸ್. ಅದರ ದಕ್ಷಿಣದ ಚಂಪಾಸಕ್ ಪ್ರಾಂತದಲ್ಲಿ ‘ವಾಟ್ ಫೂ’ ಎಂಬ ಪುರಾತನ ಅವಶೇಷವಿದೆ. ಲಾವೋ ಭಾಷೆಯಲ್ಲಿ ಈ ಹೆಸರಿಗೆ ‘ಬೆಟ್ಟದ ದೇವಾಲಯ’ ಎಂದರ್ಥ. ಆಗ್ನೇಯ ಏಷ್ಯಾಕ್ಕೆ ಹೋಗುವ ನಮ್ಮವರು ಕಾಂಬೋಡಿಯಾದ ಅಂಕೋರ್ ನೋಡಿ ಹಿಂದಿರುಗುವುದೇ ಹೆಚ್ಚು. ಅಂಕೋರಿನ ಭವ್ಯ ದೇಗುಲಗಳಿಗಿಂತ ಹಳೆಯದಾದ ಈ ಕ್ಷೇತ್ರವನ್ನು ಕಾಣುವ ಸುಯೋಗ ನಮಗೆ ಲಭಿಸಿದ್ದರಿಂದ, ಅದರ ಪರಿಚಯವನ್ನು ಓದುಗ ಬಂಧುಗಳೊಡನೆ ಹಂಚಿಕೊಳ್ಳಬಯಸುತ್ತೇವೆ.

ಪಾಕ್ಸೆ ಪಟ್ಟಣದಿಂದ ಮೆಕಾಂಗ್ ಮಹಾನದಿಯ ಪಶ್ಚಿಮ ದಂಡೆಯಗುಂಟ ದಕ್ಷಿಣಕ್ಕೆ ಸಾಗಿದರೆ ಚಂಪಾಸಕ್ ಎಂಬ ಶಾಂತವಾದ ಊರು ಬರುತ್ತದೆ. ಅಲ್ಲಿಂದಲೇ ಫೂ ಕಾವ್ ಪರ್ವತ ಕಣ್ಣಿಗೆ ಬೀಳುತ್ತದೆ. ಅದರ ಎತ್ತರ ಸುಮಾರು 1,400 ಮೀಟರ್. ಶಿಖರದ ಮೇಲೆ ಪ್ರಕೃತಿಯೇ ನಿಲ್ಲಿಸಿದಂತಹ ಬಂಡೆಯೊಂದಿದೆ. ಸ್ಥಳೀಯ ಜನ ಅದನ್ನು ಕೂದಲಿನ ತುರುಬಿಗೆ ಹೋಲಿಸುತ್ತಾರೆ. ಬೆಟ್ಟದ ಹೆಸರೂ ಅದರಿಂದಲೇ ಬಂದಿದೆ. ಪ್ರಾಚೀನ ಶೈವರ ಕಣ್ಣಿಗೆ ಅದು ಸ್ವಯಂಭೂಲಿಂಗವಾಗಿ ಕಂಡಿತು. ಅಂತೆಯೇ ಅವರು ಈ ಗಿರಿಯನ್ನು ‘ಲಿಂಗಪರ್ವತ’ವೆಂದು ಕರೆದರು. ಚೀನಾದ ಸುಯಿ ರಾಜವಂಶದ ಚರಿತ್ರಗ್ರಂಥದಲ್ಲಿಯೂ ಈ ಹೆಸರಿನ ಪರ್ವತದ ಉಲ್ಲೇಖವಿದೆ.

ಬೆಟ್ಟದಿಂದ ಸುಮಾರು 6 ಕಿಲೋಮೀಟರ್ ದೂರದಲ್ಲಿ, ಮೆಕಾಂಗ್ ದಂಡೆಯ ಮೇಲೆ ಕ್ರಿ.ಶ. 5ನೆಯ ಶತಮಾನದಷ್ಟು ಹಳೆಯದಾದ ನಗರವೊಂದಿತ್ತು. ಅಲ್ಲಿ ದೊರೆತ ಸಂಸ್ಕೃತ ಶಾಸನವೊಂದು ದೇವಾನೀಕನೆಂಬ ಅರಸನನ್ನು ಹೆಸರಿಸುತ್ತದೆ; ಆತ ಇಲ್ಲಿ ಕುರುಕ್ಷೇತ್ರವೆಂಬ ತೀರ್ಥವನ್ನು ಸ್ಥಾಪಿಸಿದನೆಂದು ತಿಳಿಸುತ್ತದೆ. ಭಾರತದ ಪುಣ್ಯಭೂಮಿಯ ಹೆಸರು ಅಷ್ಟು ದೂರದ ಜನರ ನಾಲಗೆಯ ಮೇಲೆ ಒಂದೂವರೆ ಸಾವಿರ ವರ್ಷಗಳ ಹಿಂದೆಯೇ ನೆಲೆಸಿತ್ತೆಂಬುದು ಸೋಜಿಗದ ಸಂಗತಿ. ಮುಂದೆ ಈ ನಾಡು ಖ್ಮೇರ್ ಅರಸರ ಆಳ್ವಿಕೆಗೆ ಸೇರಿತು. ಇಂದು ನಾವು ಕಾಣುವ ಕಟ್ಟಡಗಳಲ್ಲಿ ಹೆಚ್ಚಿನವು 11ರಿಂದ 13ನೆಯ ಶತಮಾನದ ಅವಧಿಯವು. ಇಲ್ಲಿಂದ ಇನ್ನೂರು ಕಿಲೋಮೀಟರಿಗೂ ದೂರವಿರುವ ಅಂಕೋರ್ ರಾಜಧಾನಿಗೆ ಆಗ ನೇರವಾದ ರಾಜಮಾರ್ಗವಿತ್ತು. ಆ ದಾರಿಯ ಆರಂಭದಲ್ಲಿರುವ ಕಟ್ಟಡಕ್ಕೆ ನಂದಿಮಂಟಪವೆಂದೇ ಹೆಸರು.

ಕ್ಷೇತ್ರದ ರಚನೆ ಪೂರ್ವಾಭಿಮುಖವಾದುದು. ಕೆಳಗೆ ವಿಶಾಲವಾದ ಕೆರೆಗಳು. ಅವುಗಳನ್ನು ದಾಟಿದರೆ ಎರಡೂ ಬದಿಗೆ ಕಲ್ಲುಕಂಬಗಳ ಸಾಲುಳ್ಳ ಹಾದಿ. ಹಾದಿಯ ಎಡಬಲಗಳಲ್ಲಿ ಚೌಕಾಕಾರದ ಎರಡು ದೊಡ್ಡ ಕಟ್ಟಡಗಳು. ಅಲ್ಲಿಂದ ಮೇಲಕ್ಕೆ ಕಡಿದಾದ ಮೆಟ್ಟಿಲುಗಳು ಆರಂಭವಾಗುತ್ತವೆ. ಇಕ್ಕೆಲಗಳಲ್ಲಿ ದೇವಗಣಗಿಲೆಯ ಮುದಿ ಮರಗಳು ಹೂಗಳನ್ನು ಉದುರಿಸುತ್ತ ನಿಂತಿವೆ. ಲಾವೋಸ್ ದೇಶದ ರಾಷ್ಟ್ರೀಯ ಪುಷ್ಪವೂ ಇದೇ. ಏದುಸಿರು ಬಿಡುತ್ತ ಮೇಲಿನ ಜಗಲಿಯನ್ನು ಸೇರಿ ಹಿಂದಿರುಗಿ ನೋಡಿದಾಗ, ಕೆರೆ, ಗದ್ದೆ, ಅದರಾಚೆಯ ಬಯಲು ಎಲ್ಲವೂ ಒಂದೇ ಸರಳರೇಖೆಯಲ್ಲಿ ನದಿಯ ಕಡೆಗೆ ಹಾಸಿಕೊಂಡಂತೆ ಕಾಣುತ್ತವೆ. ಶಿಖರದಿಂದ ನದಿಯವರೆಗಿನ ಇಡೀ ಭೂಮಿಯನ್ನು ಆ ಕಾಲದ ಶಿಲ್ಪಿಗಳು ಒಂದೇ ದೇವಾಲಯವೆಂಬಂತೆ ಭಾವಿಸಿದ್ದರು.

ಗರ್ಭಗುಡಿಯ ಮುಂಭಾಗ ಮರಳುಗಲ್ಲಿನದು, ಹಿಂಭಾಗ ಇಟ್ಟಿಗೆಯದು. ಬಾಗಿಲುವಾಡಗಳ ಮೇಲೆ ಐರಾವತವನ್ನೇರಿದ ಇಂದ್ರ, ಕಂಸನನ್ನು ಸಂಹರಿಸುವ ಕೃಷ್ಣ ಮೊದಲಾದ ಕೆತ್ತನೆಗಳಿವೆ. ಹಿಂಬದಿಯ ಬಂಡೆಯಲ್ಲಿ ನಡುವೆ ಶಿವ, ಆಚೀಚೆ ಬ್ರಹ್ಮ ಮತ್ತು ವಿಷ್ಣು ಇರುವ ಉಬ್ಬುಶಿಲ್ಪವಿದೆ. ಆದರೆ ನಮ್ಮ ಮನಸ್ಸನ್ನು ಹಿಡಿದು ನಿಲ್ಲಿಸಿದ್ದು ಈ ಶಿಲ್ಪಗಳಲ್ಲ, ಒಂದು ಚಿಕ್ಕ ನೀರಿನ ಝರಿ. ದೇಗುಲದ ಬೆನ್ನಿಗಿರುವ ಬಂಡೆಯ ಅಡಿಯಿಂದ ನೀರು ಜಿನುಗುತ್ತದೆ. ಪೂರ್ವದಲ್ಲಿ ಆ ನೀರನ್ನು ಕಲ್ಲಿನ ಕಾಲುವೆಯ ಮೂಲಕ ಗರ್ಭಗುಡಿಯೊಳಕ್ಕೆ ಹರಿಸಿ, ಲಿಂಗಕ್ಕೆ ನಿರಂತರ ಅಭಿಷೇಕವಾಗುವಂತೆ ಏರ್ಪಡಿಸಲಾಗಿತ್ತು.

ಇಂದು ಆ ಲಿಂಗವು ಗರ್ಭಗುಡಿಯಲ್ಲಿಲ್ಲ. ಕಾಲಕ್ರಮದಲ್ಲಿ ಅಲ್ಲಿನ ಜನ ಬೌದ್ಧಧರ್ಮವನ್ನು ಅನುಸರಿಸಿದರು. ಗರ್ಭಗುಡಿಯ ಮುಂಭಾಗದಲ್ಲಿ ಈಗ ಬುದ್ಧನ ಮೂರ್ತಿಗಳಿವೆ. ಆದರೂ ಅವರು ಹಿಂದಿನವರ ದ್ವಾರಪಾಲಕರನ್ನಾಗಲಿ ತ್ರಿಮೂರ್ತಿಗಳನ್ನಾಗಲಿ ದೂರ ಮಾಡಲಿಲ್ಲ. ಅವುಗಳ ಮುಂದೆಯೂ ಹೂವು, ಊದುಬತ್ತಿಗಳನ್ನು ಇರಿಸುತ್ತಾರೆ. ಝರಿಯ ನೀರನ್ನು ಪವಿತ್ರವೆಂದು ತಲೆಗೆ ಪ್ರೋಕ್ಷಿಸಿಕೊಳ್ಳುತ್ತಾರೆ. ಪ್ರತಿವರ್ಷ, ಸಾಮಾನ್ಯವಾಗಿ ಫೆಬ್ರವರಿಯಲ್ಲಿ ಬರುವ ಹುಣ್ಣಿಮೆಯಂದು ಇಲ್ಲಿ ದೊಡ್ಡ ಜಾತ್ರೆ ಸೇರುತ್ತದೆ. ಬೆಳಗಿನಲ್ಲಿ ಭಿಕ್ಷುಗಳಿಗೆ ಅನ್ನದಾನ, ಸಂಜೆ ದೀಪಗಳನ್ನು ಹಿಡಿದು ಪ್ರದಕ್ಷಿಣೆ.

ಆದರೆ ಈ ಕ್ಷೇತ್ರಕ್ಕೆ ಪ್ರಾಣವಾಗಿದ್ದ ನೀರೇ ಇಂದು ಇದಕ್ಕೆ ಕಂಟಕವೂ ಆಗಿದೆ. ಮುಂಗಾರಿನಲ್ಲಿ ಬೆಟ್ಟದಿಂದ ಧುಮ್ಮಿಕ್ಕುವ ನೀರು ಸರಾಗವಾಗಿ ಹರಿದುಹೋಗಲೆಂದು ಹಿಂದಿನವರು ಕಾಲುವೆಗಳನ್ನು ರಚಿಸಿದ್ದರು. ಅವುಗಳನ್ನು ಹಸನು ಮಾಡುವ ಕೈಗಳು ಇಲ್ಲವಾದಾಗ ನೀರು ಅಡಿಪಾಯದೊಳಕ್ಕೆ ಇಳಿಯಿತು, ನೆಲ ಕುಸಿಯಿತು, ಗೋಡೆಗಳು ವಾಲಿದವು. ಯುನೆಸ್ಕೋ ಸಂಸ್ಥೆಯು 2001ರಲ್ಲಿ ಈ ಕ್ಷೇತ್ರವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಬೇರೆ ಬೇರೆ ದೇಶಗಳ ತಜ್ಞರೊಡನೆ ನಮ್ಮ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯವರೂ ಇಲ್ಲಿ ಜೀರ್ಣೋದ್ಧಾರದ ಕಾರ್ಯದಲ್ಲಿ ತೊಡಗಿರುವುದು ನಮಗೆಲ್ಲ ಅಭಿಮಾನದ ವಿಷಯ. ಸಡಿಲಗೊಂಡ ಕಲ್ಲುಗಳಿಗೆ ಸಂಖ್ಯೆ ಬರೆದು, ಬಿಡಿಸಿ, ನೆಲವನ್ನು ಭದ್ರಪಡಿಸಿ, ಮತ್ತೆ ಅದೇ ಸ್ಥಾನದಲ್ಲಿ ಕೂರಿಸುವ ಕೆಲಸ ಅಪಾರ ತಾಳ್ಮೆಯನ್ನು ಬೇಡುತ್ತದೆ.

ಅರಸರು ಕಟ್ಟಿಸಿದ್ದನ್ನು ಅರಸರ ವೈಭವ ಕಾಪಾಡಲಿಲ್ಲ. ದಿನವೂ ಕಾಲುವೆಯ ಕಸ ತೆಗೆಯುತ್ತಿದ್ದ ಹೆಸರಿಲ್ಲದ ಸೇವಕರು ಅದನ್ನು ಕಾಪಾಡಿದ್ದರು. ಆ ನಿತ್ಯಸೇವೆ ನಿಂತಂದು ಕಲ್ಲೂ ಸಡಿಲವಾಯಿತು. ಅಂಗೈಯಲ್ಲಿ ಇಷ್ಟಲಿಂಗವನ್ನಿರಿಸಿ ಪೂಜಿಸುವ ನಮಗೆ ಬೆಟ್ಟವಾಗಲಿ ರಾಜಾಶ್ರಯವಾಗಲಿ ಬೇಕಿಲ್ಲ. ಆದರೆ ನಿತ್ಯವೂ ತಪ್ಪದ ಶ್ರದ್ಧೆ ಬೇಕೇ ಬೇಕು. ಹಿರಿಯರು ನಡೆಸಿಕೊಂಡು ಬಂದ ಪೂಜೆ, ದಾಸೋಹಗಳನ್ನು ಒಂದು ತಲೆಮಾರು ಮರೆತರೆ ಮುಂದಿನ ತಲೆಮಾರಿಗೆ ಅವು ಅವಶೇಷಗಳಾಗಿಯೇ ಉಳಿದಾವು. ಮಕ್ಕಳೊಡನೆ ಇಂತಹ ಸ್ಥಳಗಳನ್ನು ನೋಡುವಾಗ ಈ ಮಾತನ್ನು ಅವರಿಗೆ ತಿಳಿಹೇಳುವುದು ಒಳಿತು.

ಹೋಗಬಯಸುವ ಕುಟುಂಬಗಳಿಗೆ ಕೆಲವು ಸೂಚನೆಗಳು: ನವೆಂಬರಿನಿಂದ ಫೆಬ್ರವರಿಯವರೆಗೆ ಹವೆ ಹಿತಕರವಾಗಿರುತ್ತದೆ. ಬಿಸಿಲೇರುವ ಮುನ್ನವೇ ಮೆಟ್ಟಿಲು ಹತ್ತುವುದು ಲೇಸು. ಮೆಟ್ಟಿಲುಗಳು ಸವೆದು ಏರುಪೇರಾಗಿರುವುದರಿಂದ ವಯಸ್ಸಾದವರಿಗೆ ಜೊತೆಗಾರರ ಆಸರೆ ಅವಶ್ಯ. ಅಲ್ಲಿನ ಅಡುಗೆಯಲ್ಲಿ, ತರಕಾರಿಯ ಪದಾರ್ಥಗಳಲ್ಲಿ ಸಹ, ಮೀನಿನ ರಸ ಬೆರೆಸುವ ವಾಡಿಕೆಯಿದೆ. ಆದುದರಿಂದ ಶಾಕಾಹಾರಿಗಳು ಅದನ್ನು ಹಾಕಬಾರದೆಂದು ಮುಂಚಿತವಾಗಿ ಸ್ಪಷ್ಟಪಡಿಸಬೇಕು. ಆವಿಯಲ್ಲಿ ಬೇಯಿಸಿದ ಅಂಟು ಅಕ್ಕಿಯ ಅನ್ನ ಮತ್ತು ಹಣ್ಣುಗಳು ಎಲ್ಲೆಡೆ ದೊರೆಯುತ್ತವೆ. ಅಂಕೋರಿಗೆ ಹೋಗುವವರು ಎರಡು ದಿನ ಹೆಚ್ಚಾಗಿ ಇಟ್ಟುಕೊಂಡು, ಲಿಂಗಪರ್ವತದ ದರ್ಶನವನ್ನೂ ಮಾಡಿ ಬರಲೆಂದು ಆಶಿಸುತ್ತೇವೆ.