ಹತ್ತೊಂಬತ್ತನೇ ನಂಬರು ಯಾರದು?

ಸಾರ್ವಕಾಲಿಕ ಶ್ರೇಷ್ಠ ತಂಡ ಕಟ್ಟುವುದು ಕ್ರೀಡಾಪ್ರೇಮಿಗಳ ಹಳೆಯ ಚಟ. ಕರ್ನಾಟಕ ಕ್ರಿಕೆಟ್ಟಿನ ಮಟ್ಟಿಗೆ ಈ ಚಟ ಬೇಗ ಬೇಸರ ಹುಟ್ಟಿಸುತ್ತದೆ. ಯಾರು ಬರೆದರೂ ಪಟ್ಟಿ ಒಂದೇ: ವಿಶ್ವನಾಥ್, ದ್ರಾವಿಡ್, ಕಿರ್ಮಾನಿ, ಪ್ರಸನ್ನ, ಚಂದ್ರಶೇಖರ್, ಕುಂಬ್ಳೆ, ಶ್ರೀನಾಥ್. ಜಗಳವೇನಿದ್ದರೂ ಉಳಿದ ನಾಲ್ಕು ಜಾಗಕ್ಕೆ. ಆಸ್ಟ್ರೇಲಿಯಾದ ಜನ ತಮ್ಮ ದೇಶದ ಫುಟ್‌ಬಾಲಿಗೆ ಇಂಥ ತಂಡ ಕಟ್ಟುವಾಗ ಒಂದು ಮಜವಾದ ಷರತ್ತು ಹಾಕಿಕೊಳ್ಳುವುದುಂಟು. ಆಟಗಾರನ ಬೆನ್ನ ಮೇಲಿನ ನಂಬರೇ ಅಲ್ಲಿ ನಿಯಮ. ಇಷ್ಟು ವರ್ಷಗಳಲ್ಲಿ 1 ಎಂಬ ನಂಬರು ತೊಟ್ಟವರಲ್ಲಿ ಅತ್ಯುತ್ತಮನೊಬ್ಬ, 2 ತೊಟ್ಟವರಲ್ಲಿ ಒಬ್ಬ, ಹೀಗೆ ಒಂದು ನಂಬರಿಗೆ ಒಬ್ಬನೇ. ಮೇಲ್ನೋಟಕ್ಕೆ ಇದು ಹುಡುಗಾಟ. ಆದರೆ ಇದೇ ಷರತ್ತನ್ನು ನಮ್ಮ ಕ್ರಿಕೆಟ್ಟಿಗೆ ಹಾಕಿದರೆ ಆಟ ಎರಡೇ ಹೆಜ್ಜೆಗೆ ನಿಂತುಬಿಡುತ್ತದೆ. ಯಾಕೆ ನಿಲ್ಲುತ್ತದೆ ಎಂದು ಹುಡುಕುತ್ತಾ ಹೋದರೆ ನಾವು ಜೆರ್ಸಿ ನಂಬರುಗಳನ್ನು ನಡೆಸಿಕೊಳ್ಳುತ್ತಿರುವ ರೀತಿಯೇ ಸರಿಯಿಲ್ಲ ಎಂಬ ತೀರ್ಮಾನಕ್ಕೆ ಬರಬೇಕಾಗುತ್ತದೆ. ದೊಡ್ಡ ಆಟಗಾರ ನಿವೃತ್ತನಾದ ಕೂಡಲೇ ಗೌರವದ ಹೆಸರಲ್ಲಿ ಅವನ ನಂಬರಿಗೆ ಬೀಗ ಜಡಿಯುತ್ತಿದ್ದೇವೆ. ಅದು ಮುಂದಿನವನ ಬೆನ್ನಿಗೆ ಹೋಗಬೇಕಿತ್ತು.

ಆಸ್ಟ್ರೇಲಿಯನ್ ರೂಲ್ಸ್ ನಮಗೆ ಗೊತ್ತಿರುವ ಫುಟ್‌ಬಾಲ್ ಅಲ್ಲ. 1859ರಲ್ಲಿ ಮೆಲ್ಬರ್ನ್‌ನಲ್ಲಿ ಅದರ ನಿಯಮಗಳನ್ನು ಬರೆದಿಟ್ಟರು. ಮೊಟ್ಟೆಯಾಕಾರದ ಚೆಂಡು, ಒಂದೊಂದು ಕಡೆಗೆ ಹದಿನೆಂಟು ಜನ, ಪಂದ್ಯಗಳು ಬಹುಪಾಲು ಕ್ರಿಕೆಟ್ ಮೈದಾನಗಳಲ್ಲೇ. ನಾವು ಡಿಸೆಂಬರಿನಲ್ಲಿ ಬಾಕ್ಸಿಂಗ್ ಡೇ ಟೆಸ್ಟ್ ನೋಡುವ ಎಂಸಿಜಿ ಮೈದಾನವೇ ಈ ಆಟದ ಫೈನಲ್ಲಿಗೂ ಹೆಸರಾದ ಜಾಗ. ಎರಡೂ ತುದಿಗೆ ನಾಲ್ಕು ನಾಲ್ಕು ಕಂಬ. ನಡುವಿನ ಎರಡು ಕಂಬಗಳ ಮಧ್ಯೆ ಚೆಂಡು ಒದ್ದರೆ ಆರು ಅಂಕ, ಪಕ್ಕದ ಸಂದಿಯಲ್ಲಿ ಹೋದರೆ ಒಂದು. ಆಟಗಾರರು ತೊಡುವ ತೋಳಿಲ್ಲದ ಅಂಗಿಗೆ ಜಂಪರ್ ಎನ್ನುತ್ತಾರೆ. ಅಲ್ಲಿನ ಪ್ರಮುಖ ಲೀಗಿನಲ್ಲಿ 1912ರಿಂದ ಅದರ ಬೆನ್ನಿಗೆ ನಂಬರು ಬಂತು. ನಮಗೆ ಪರಿಚಿತವಾದ ಫುಟ್‌ಬಾಲಿನಲ್ಲಿ ಇಂಗ್ಲೆಂಡಿನ ಲೀಗ್ ತಂಡಗಳು ನಂಬರು ತೊಟ್ಟು ನೋಡಿದ್ದು 1928ರಲ್ಲಿ, ಅದೂ ಸ್ಥಾನ ಗುರುತಿಸುವುದಕ್ಕೆ. 1 ಎಂದರೆ ಗೋಲ್‌ಕೀಪರ್, 9 ಎಂದರೆ ಮುಂಚೂಣಿಯ ಆಟಗಾರ. ಅಲ್ಲಿ ನಂಬರು ಹಿಡಿದು ಆರಿಸುವುದೆಂದರೆ ಸ್ಥಾನ ಹಿಡಿದು ಆರಿಸಿದಂತೆಯೇ, ಹೊಸದೇನೂ ಆಗುವುದಿಲ್ಲ. ಆಸ್ಟ್ರೇಲಿಯಾದ ಆಟದಲ್ಲಿ ನಂಬರಿಗೂ ಸ್ಥಾನಕ್ಕೂ ನಂಟಿಲ್ಲ. ನಂಬರು ಕ್ಲಬ್ಬಿನ ಸ್ವತ್ತು. ಒಬ್ಬ ಬಿಟ್ಟುಹೋದ ಮೇಲೆ ಅದು ಇನ್ನೊಬ್ಬನಿಗೆ ಸಿಗುತ್ತದೆ, ಅವನಾದ ಮೇಲೆ ಮತ್ತೊಬ್ಬನಿಗೆ. ನೂರು ವರ್ಷ ಹೀಗೆ ಕೈ ಬದಲಾದರೆ ಒಂದೊಂದು ನಂಬರಿಗೂ ಒಂದೊಂದು ವಂಶಾವಳಿ ಬೆಳೆಯುತ್ತದೆ.

ಹಾಥಾರ್ನ್ ಕ್ಲಬ್ಬಿನ 23 ಇದಕ್ಕೆ ಒಳ್ಳೆಯ ಉದಾಹರಣೆ. ಡಾನ್ ಸ್ಕಾಟ್ ತೊಟ್ಟ ಆ ನಂಬರನ್ನು ಮುಂದೆ ಡರ್ಮಟ್ ಬ್ರೆರಟನ್ ತೊಟ್ಟರು, ಆಮೇಲೆ ಲ್ಯಾನ್ಸ್ ಫ್ರಾಂಕ್ಲಿನ್. ಈ ಫ್ರಾಂಕ್ಲಿನ್ 2008ರ ಒಂದೇ ಋತುವಿನಲ್ಲಿ ನೂರಕ್ಕೂ ಹೆಚ್ಚು ಗೋಲು ಹೊಡೆದರು. ಬಳಿಕ ಸಿಡ್ನಿ ತಂಡಕ್ಕೆ ಹೋದಾಗಲೂ 23 ಬಿಡಲಿಲ್ಲ, 2022ರಲ್ಲಿ ಸಾವಿರದ ಗೋಲು ದಾಟಿದ್ದೂ ಅದೇ ನಂಬರಿನಲ್ಲಿ. ಇದರ ಒಂದು ಕವಲು ಕ್ರಿಕೆಟ್ಟಿಗೂ ಹರಿದಿದೆ. ಶೇನ್ ವಾರ್ನ್ ಹುಡುಗನಾಗಿದ್ದಾಗ ಬ್ರೆರಟನ್ ಅಭಿಮಾನಿ, ಸ್ವತಃ ಸೇಂಟ್ ಕಿಲ್ಡಾ ಕ್ಲಬ್ಬಿನ ಕಿರಿಯರ ತಂಡದಲ್ಲಿ ಈ ಫುಟ್‌ಬಾಲ್ ಆಡಿದವರು. ಏಕದಿನ ಪಂದ್ಯಗಳಲ್ಲಿ ಅವರ ಬೆನ್ನಿಗೆ 23 ಬಂದದ್ದು ಆ ಅಭಿಮಾನದಿಂದ. ಅವರು ಬಿಟ್ಟ ಮೇಲೆ ಅದನ್ನು ತೊಟ್ಟು ಆಡಿದ ಮೈಕೆಲ್ ಕ್ಲಾರ್ಕ್ ಮುಂದೆ ನಾಯಕರೂ ಆದರು. ವಾರ್ನ್ ನಂಬರನ್ನು ಇನ್ನೊಬ್ಬ ತೊಟ್ಟನಲ್ಲ ಎಂದು ಆಸ್ಟ್ರೇಲಿಯಾ ಬೀದಿಗಿಳಿಯಲಿಲ್ಲ.

ಈ ವಂಶಾವಳಿ ಇದ್ದಾಗಲೇ ನಂಬರಿನ ಆಟಕ್ಕೆ ಕಾವು. 1996ರಲ್ಲಿ ಆ ಲೀಗ್ ತನ್ನ ಶತಮಾನದ ತಂಡವನ್ನು ಪ್ರಕಟಿಸಿತು; ನಂಬರಿನ ಗೊಡವೆಯಿಲ್ಲದೆ, ಯೋಗ್ಯತೆ ನೋಡಿ ಆರಿಸಿದ ತಂಡ. ಅದರಲ್ಲಿದ್ದ ಡಿಕ್ ರೆನಾಲ್ಡ್ಸ್, ನಾಯಕ ಟೆಡ್ ವಿಟನ್, ಲೀ ಮ್ಯಾಥ್ಯೂಸ್ ಮೂವರೂ ತಮ್ಮ ತಮ್ಮ ಕ್ಲಬ್ಬಿನಲ್ಲಿ ತೊಟ್ಟದ್ದು 3. ಗ್ರಹಾಂ ಫಾರ್ಮರ್ ಮತ್ತು ಗ್ಯಾರಿ ಆಬ್ಲೆಟ್ ಇಬ್ಬರೂ ಜೀಲಾಂಗ್ ಕ್ಲಬ್ಬಿನ 5. ನಂಬರಿನ ಷರತ್ತು ಹಾಕಿದರೆ ಈ ಐವರಲ್ಲಿ ಮೂವರು ಹೊರಗೆ. ನಾಯಕನ ಜಾಗವೂ ಗಟ್ಟಿಯಲ್ಲ. ಇತ್ತ 31ಕ್ಕೆ ರಾನ್ ಬರಾಸಿ, 37ಕ್ಕೆ ಆಡಮ್ ಗುಡ್ಸ್ ಎಂದರೆ ಚರ್ಚೆ ಹೆಚ್ಚು ಬೆಳೆಯುವುದಿಲ್ಲ. ಇದು ಅನ್ಯಾಯ ಎಂದು ಯಾರಾದರೂ ಆಕ್ಷೇಪಿಸಿದರೆ ಒಪ್ಪಬೇಕು, ಅನ್ಯಾಯವೇ. ಆದರೆ ಶ್ರೇಷ್ಠತೆ ಅಳೆಯುವುದು ಈ ಆಟದ ಕೆಲಸವಲ್ಲ. ರೆನಾಲ್ಡ್ಸ್ ಆಟ ಮುಗಿಸಿ ಎಷ್ಟೋ ವರ್ಷಗಳಾದ ಮೇಲೆ ಆಡಲು ಬಂದ ಮ್ಯಾಥ್ಯೂಸ್ ಜೊತೆ ಅವರನ್ನು ತೂಗಿ ನೋಡುವ ಪ್ರಸಂಗ ಬೇರೆ ಯಾವ ಪಟ್ಟಿಯಲ್ಲೂ ಬರುವುದಿಲ್ಲ. ಇಬ್ಬರಿಗೂ ಸುಮ್ಮನೆ ಜಾಗ ಕೊಟ್ಟು ಕೈತೊಳೆದುಕೊಳ್ಳುತ್ತೇವೆ. ನಂಬರಿನ ಆಟ ಆ ಸಲೀಸು ದಾರಿಯನ್ನು ಮುಚ್ಚುತ್ತದೆ.

ಈಗ ಕರ್ನಾಟಕಕ್ಕೆ ಬರೋಣ. ಬಾಂಬೆಯ ಹದಿನೈದು ವರ್ಷಗಳ ಏಕಸ್ವಾಮ್ಯ ಮುರಿದು 1973-74ರಲ್ಲಿ ಮೊದಲ ರಣಜಿ ಟ್ರೋಫಿ ಗೆದ್ದ ಪ್ರಸನ್ನ ನಾಯಕತ್ವದ ತಂಡದಲ್ಲಿ ಯಾರ ಬೆನ್ನಿಗೂ ನಂಬರಿರಲಿಲ್ಲ, ಬರೀ ಬಿಳಿ ಅಂಗಿ. 1983ರ ವಿಶ್ವಕಪ್ಪಿನಲ್ಲಿ ಎಲ್ಲರಿಗಿಂತ ಹೆಚ್ಚು, 18 ವಿಕೆಟ್ ಕಿತ್ತ ರೋಜರ್ ಬಿನ್ನಿ ಅವರಿಗೂ ನಂಬರಿಲ್ಲ. 2014ರಲ್ಲಿ ಮೀರ್‌ಪುರದಲ್ಲಿ ಬಾಂಗ್ಲಾದೇಶದ ವಿರುದ್ಧ 4 ರನ್ನಿಗೆ 6 ವಿಕೆಟ್ ಪಡೆದ ಮಗ ಸ್ಟುವರ್ಟ್ ಬೆನ್ನಿಗೆ 84 ಇತ್ತು. ನಂಬರಿನ ಲೆಕ್ಕದಲ್ಲಿ ಮಗ ಒಳಗೆ, ವಿಶ್ವಕಪ್ ಗೆದ್ದ ಅಪ್ಪ ಹೊರಗೆ. ವಿಶ್ವಕಪ್ಪಿನಲ್ಲಿ ನಂಬರು ಕಾಣಿಸಿಕೊಂಡದ್ದು 1999ರಲ್ಲಿ. ಆಗ ನಾಯಕರಿಗೆ 1 ಎಂಬ ಪದ್ಧತಿಯಿತ್ತು, ದಕ್ಷಿಣ ಆಫ್ರಿಕಾದ ಕ್ರೋನಿಯೆ ಮಾತ್ರ ತಮ್ಮ 5 ಬಿಡಲಿಲ್ಲ. ಟೆಸ್ಟ್ ಅಂಗಿಗೆ ನಂಬರು ಬಂದದ್ದಂತೂ 2019ರ ಆಗಸ್ಟ್ 1ರಂದು, ಎಜ್‌ಬಾಸ್ಟನ್‌ನ ಆ್ಯಷಸ್ ಪಂದ್ಯದಲ್ಲಿ. ಟೆಸ್ಟಿನಲ್ಲೇ ಹೆಸರು ಮಾಡಿದ ನಮ್ಮ ಹಿರಿಯರೆಲ್ಲ ಅಷ್ಟರಲ್ಲಿ ನಿವೃತ್ತರಾಗಿದ್ದರು.

ಹಾಗಾದರೆ ಟೆಸ್ಟ್ ಕ್ಯಾಪಿನ ನಂಬರು ಹಿಡಿಯಬಾರದೇಕೆ ಎಂದು ಕೇಳಬಹುದು. ಅದು 1932ರ ಮೊದಲ ಟೆಸ್ಟಿನಿಂದ ಲೆಕ್ಕ ಹಾಕಿದ್ದು, ಯಾರನ್ನೂ ಬಿಡುವುದಿಲ್ಲ: ವಿಶ್ವನಾಥ್ 124, ಕುಂಬ್ಳೆ 192, ಶ್ರೀನಾಥ್ 193, ದ್ರಾವಿಡ್ 207, ಕೆ.ಎಲ್. ರಾಹುಲ್ 284. ತೊಡಕು ಇಷ್ಟೇ, ಪ್ರತಿ ನಂಬರಿಗೂ ಒಬ್ಬನೇ ಒಡೆಯ. 207 ಯಾರಿಗೆ ಎಂದು ಕೇಳಿದರೆ ದ್ರಾವಿಡ್ ಬಿಟ್ಟು ಇನ್ನೊಂದು ಉತ್ತರವಿಲ್ಲ, ಎಂದೂ ಇರುವುದಿಲ್ಲ. ನೀನು ಎಷ್ಟನೆಯವನಾಗಿ ಬಂದೆ ಎಂಬುದನ್ನಷ್ಟೇ ಕ್ಯಾಪು ಹೇಳುತ್ತದೆ. ನಿನಗಿಂತ ಮೊದಲು ಈ ಜಾಗದಲ್ಲಿ ಯಾರಿದ್ದರು ಎಂದು ಹೇಳಬಲ್ಲದ್ದು ಜೆರ್ಸಿ.

ರಾಜ್ಯದಿಂದ ಊರಿಗೆ ಇಳಿದರೆ, ಕಲಬುರಗಿಯ ಮಟ್ಟಿಗೆ ಕಷ್ಟ ಇನ್ನೂ ಮೂಲದಲ್ಲಿದೆ. ಈ ಊರಿನ ಹೆಸರಲ್ಲಿ ಒಂದು ತಂಡವಿದೆ, ಗುಲ್ಬರ್ಗ ಮಿಸ್ಟಿಕ್ಸ್. (ಊರಿಗೆ 2014ರಲ್ಲೇ ಕಲಬುರಗಿ ಎಂದು ಹೆಸರಾಗಿದ್ದರೂ ತಂಡ ಹಳೆಯ ಹೆಸರನ್ನೇ ಇಟ್ಟುಕೊಂಡಿತು.) 2022ರ ಮೊದಲ ಮಹಾರಾಜ ಟ್ರೋಫಿ ಟಿ20 ಟೂರ್ನಿಯನ್ನು ಮನೀಷ್ ಪಾಂಡೆ ನಾಯಕತ್ವದಲ್ಲಿ ಈ ತಂಡವೇ ಗೆದ್ದಿತು, ಫೈನಲ್ಲಿನಲ್ಲಿ ಬೆಂಗಳೂರು ಬ್ಲಾಸ್ಟರ್ಸ್ ಎದುರು. ಆದರೆ ಆ ವರ್ಷದ ಪಂದ್ಯಗಳು ನಡೆದದ್ದು ಮೈಸೂರು ಮತ್ತು ಬೆಂಗಳೂರಿನಲ್ಲಿ. ಮರುವರ್ಷದಿಂದ ಆಟಗಾರರು ಹರಾಜಿನಲ್ಲಿ ಹಂಚಿಹೋದರು. ಇಲ್ಲಿನ ನಂಬರು ಊರಿನ ನೆಹರು ಗಂಜ್ ಮಾರುಕಟ್ಟೆಯಲ್ಲಿ ತೊಗರಿ ರಾಶಿಗೆ ಬೀಳುವ ಲಾಟ್ ನಂಬರಿನ ಹಾಗೆ: ಟೆಂಡರ್ ಆಗಿ, ತೂಕ ಮುಗಿದು, ಚೀಲ ದಾಲ್‌ಮಿಲ್ಲಿಗೆ ಹೋದ ಮೇಲೆ ಅದನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ? ಅದೇ ಗಂಜಿನಲ್ಲಿ ಅಡತಿ ಅಂಗಡಿಯ ಹೆಸರು ಅಜ್ಜನಿಂದ ಮೊಮ್ಮಗನವರೆಗೂ ನಡೆಯುತ್ತದೆ. ಜೆರ್ಸಿ ನಂಬರು ಅಂಗಡಿಯ ಹೆಸರಾಗಬೇಕಿದ್ದರೆ ತಂಡ ಒಂದೂರಲ್ಲಿ ನೆಲೆ ನಿಲ್ಲಬೇಕು.

ರಾಷ್ಟ್ರೀಯ ತಂಡಕ್ಕೆ ಆ ನೆಲೆಯಿದೆ. ಅಲ್ಲಿ ವಂಶಾವಳಿ ಬೆಳೆಯುವುದಕ್ಕೆ ಏನೂ ಅಡ್ಡಿಯಿರಲಿಲ್ಲ. 2017ರ ಆಗಸ್ಟಿನಲ್ಲಿ ಕೊಲಂಬೊದಲ್ಲಿ ಶಾರ್ದೂಲ್ ಠಾಕೂರ್ ಮೊದಲ ಏಕದಿನ ಪಂದ್ಯವನ್ನು 10 ತೊಟ್ಟು ಆಡಿದರು. ಸಚಿನ್ ನಂಬರು ಮುಟ್ಟಲು ಇವನ್ಯಾರು ಎಂದು ಜನ ಮುಗಿಬಿದ್ದರು. ಠಾಕೂರ್ 54ಕ್ಕೆ ಸರಿದರು, 10 ಸದ್ದಿಲ್ಲದೆ ಮೂಲೆ ಸೇರಿತು. 2023ರ ಡಿಸೆಂಬರಿನಲ್ಲಿ ಧೋನಿಯ 7 ಕೂಡ ಹಾಗೆಯೇ ಹೋಯಿತು. ಅದೇ ವರ್ಷದ ಮಾರ್ಚಿನಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಆರ್‌ಸಿಬಿ ಡಿವಿಲಿಯರ್ಸ್ ಅವರ 17 ಮತ್ತು ಗೇಲ್ ಅವರ 333 ಅನ್ನು ನಿವೃತ್ತಿಗೊಳಿಸಿತು. 333 ಹೋದರೆ ಹೋಗಲಿ, ಅದು ಗೇಲ್ ಅವರ ಟೆಸ್ಟ್ ಸ್ಕೋರು, ಇನ್ನೊಬ್ಬ ಕೇಳುವ ಸಂಭವವೂ ಕಡಿಮೆ. 17 ಏನು ಮಾಡಿತ್ತು? 2025ರಲ್ಲಿ ಕೊಹ್ಲಿ ಟೆಸ್ಟ್ ಬಿಟ್ಟ ಕೆಲವೇ ದಿನಗಳಲ್ಲಿ ಭಾರತ ಎ ತಂಡದ ಪಂದ್ಯದಲ್ಲಿ ಮುಕೇಶ್ ಕುಮಾರ್ 18 ತೊಟ್ಟು ಬಂದಾಗ ಮತ್ತೆ ಅದೇ ಗದ್ದಲ. ವಿಚಿತ್ರವೆಂದರೆ ಕೊಹ್ಲಿ ಆ ನಂಬರನ್ನು ಕೇಳಿ ಪಡೆದವರಲ್ಲ, ಕಿರಿಯರ ತಂಡದಲ್ಲಿ ಕೊಟ್ಟದ್ದನ್ನು ತೊಟ್ಟೆ ಎಂದು ಅವರೇ ಹೇಳಿದ್ದಾರೆ. 2006ರ ಡಿಸೆಂಬರ್ 18ರಂದು ಅವರ ತಂದೆ ತೀರಿಕೊಂಡರು. ಆಗ ದೆಹಲಿಯಲ್ಲಿ ಕರ್ನಾಟಕದ ವಿರುದ್ಧವೇ ರಣಜಿ ಪಂದ್ಯ ನಡೆದಿತ್ತು, ಹುಡುಗ ಆ ದುಃಖದಲ್ಲೂ ಬಂದು 90 ರನ್ ಗಳಿಸಿದ. 18ಕ್ಕೆ ಅರ್ಥ ತುಂಬಿದ್ದು ಬದುಕು ಮತ್ತು ಆಟ. ಯಾರೋ ಕೊಟ್ಟ ಬರೀ ಅಂಕಿಗೆ ಒಬ್ಬ ಅಷ್ಟು ಅರ್ಥ ತುಂಬಬಲ್ಲನಾದರೆ ಇನ್ನೊಬ್ಬನಿಗೂ ಆ ಅವಕಾಶ ಬೇಕಲ್ಲವೇ?

ಬೀಗ ಜಡಿಯುವ ಪಕ್ಷದವರ ಮಾತಿನಲ್ಲೂ ಹುರುಳಿದೆ. ಇಪ್ಪತ್ತು ವರ್ಷದ ಹುಡುಗನ ಬೆನ್ನಿಗೆ ಸಚಿನ್ ನಂಬರು ಹಾಕಿದರೆ ಪ್ರತಿ ಸೊನ್ನೆಗೂ ಅವನು ಎರಡು ಪಟ್ಟು ಬೈಗುಳ ತಿನ್ನುತ್ತಾನೆ ಎನ್ನುತ್ತಾರೆ. ನಿಜ. ಆದರೆ ಆ ಬೈಗುಳ ಹುಟ್ಟುವುದೇ ನಂಬರು ಒಬ್ಬನ ಆಸ್ತಿ ಎಂಬ ನಂಬಿಕೆಯಿಂದ. ಬೀಗ ಹಾಕುವುದರಿಂದ ಆ ನಂಬಿಕೆ ಗಟ್ಟಿಯಾಗುತ್ತದೆ. ಅಮೆರಿಕದ ಉದಾಹರಣೆ ಕೊಡುವವರೂ ಇದ್ದಾರೆ. ಅಲ್ಲಿ 1939ರಲ್ಲಿ ನ್ಯೂಯಾರ್ಕ್ ಯಾಂಕೀಸ್ ಬೇಸ್‌ಬಾಲ್ ತಂಡ ಲೂ ಗೆರಿಗ್ ಅವರ 4 ಅನ್ನು ನಿವೃತ್ತಿಗೊಳಿಸಿ ಆ ಆಟದಲ್ಲಿ ಈ ಪದ್ಧತಿಗೆ ದಾರಿ ಹಾಕಿತು. ಪರಿಣಾಮ? 2017ರಲ್ಲಿ ಡೆರೆಕ್ ಜೀಟರ್ ಅವರ 2 ಹೋಗುವುದರೊಂದಿಗೆ ಆ ತಂಡದಲ್ಲಿ 1ರಿಂದ 9ರವರೆಗಿನ ಒಂದು ನಂಬರೂ ಉಳಿಯಲಿಲ್ಲ. ಜಾಕಿ ರಾಬಿನ್‌ಸನ್ ಅವರ 42ರ ಮಾತು ಬೇರೆ. ವರ್ಣಭೇದದ ಗೋಡೆ ಒಡೆದು 1947ರಲ್ಲಿ ಕಣಕ್ಕಿಳಿದ ಕಪ್ಪು ಆಟಗಾರನ ನಂಬರು ಅದು, 1997ರಲ್ಲಿ ಎಲ್ಲ ತಂಡಗಳೂ ಅದನ್ನು ಬಿಟ್ಟುಕೊಟ್ಟವು. ಆದರೂ ಪ್ರತಿ ಏಪ್ರಿಲ್ 15ರಂದು ಎಲ್ಲ ಆಟಗಾರರೂ ಅದನ್ನೇ ತೊಡುತ್ತಾರೆ, ಪೆಟ್ಟಿಗೆಯಲ್ಲೇ ಕೊಳೆಯಲು ಬಿಟ್ಟಿಲ್ಲ. ನಮ್ಮ ಹಾಕಿ ಇಂಡಿಯಾ ಕೂಡ 2024ರಲ್ಲಿ ಗೋಲ್‌ಕೀಪರ್ ಶ್ರೀಜೇಶ್ ಅವರ 16 ಅನ್ನು ಹಿರಿಯರ ತಂಡದಿಂದ ನಿವೃತ್ತಿಗೊಳಿಸಿ, ಕಿರಿಯರ ತಂಡದಲ್ಲಿ ಮಾತ್ರ ಉಳಿಸಿತು. ಅರ್ಧ ಬಾಗಿಲು ತೆರೆದಿಟ್ಟಂತೆ. ಪೂರ್ತಿ ತೆರೆದಿದ್ದರೆ ಇನ್ನೂ ಚೆನ್ನಿತ್ತು.

ನಮ್ಮಲ್ಲಿ ಸರಿಯಾದ ದಾರಿ ಹಿಡಿದ ನಂಬರೂ ಒಂದಿದೆ, ಅದು ಕನ್ನಡಿಗನದ್ದೇ ಎಂಬುದು ಸಂತೋಷ. ದ್ರಾವಿಡ್ ತೊಟ್ಟ 19ಕ್ಕೆ ಯಾರೂ ಬೀಗ ಹಾಕಲಿಲ್ಲ. ದಿನೇಶ್ ಕಾರ್ತಿಕ್ ಅದನ್ನು ಭಾರತಕ್ಕೂ ತೊಟ್ಟರು, ದ್ರಾವಿಡ್ ಆಡಿದ್ದ ಆರ್‌ಸಿಬಿಯಲ್ಲೂ ತೊಟ್ಟರು. ಯಶಸ್ವಿ ಜೈಸ್ವಾಲ್ ರಾಜಸ್ಥಾನ ರಾಯಲ್ಸ್‌ನಲ್ಲಿ ತೊಡುತ್ತಿದ್ದ 19 ಅನ್ನೇ ಭಾರತ ತಂಡದಲ್ಲೂ ಬಯಸಿದ್ದರು. ಅದು ಕಾರ್ತಿಕ್ ಹೆಸರಲ್ಲಿದ್ದ ಕಾರಣ 64ಕ್ಕೆ ಒಪ್ಪಿಕೊಂಡರು ಎಂದು ಆಗ ವರದಿಯಾಗಿತ್ತು. ಮೂರು ತಲೆಮಾರು ಒಂದೇ ನಂಬರಿಗೆ ಕೈ ಚಾಚಿದ್ದರಿಂದ ದ್ರಾವಿಡ್ ಸಣ್ಣವರಾದರೇ? ಇನ್ನಿಪ್ಪತ್ತು ವರ್ಷ ಕಳೆದು ಯಾರಾದರೂ ನಂಬರು ಹಿಡಿದು ಭಾರತ ತಂಡ ಕಟ್ಟಿದರೆ 19ಕ್ಕೆ ಜಗಳ ಇರುತ್ತದೆ, ದ್ರಾವಿಡ್ ಹೆಸರು ಅದರಲ್ಲಿ ಮೊದಲು ಬರುತ್ತದೆ. 10ಕ್ಕೆ ಜಗಳವೇ ಇರುವುದಿಲ್ಲ.

ನಂಬರು ಹಿಡಿದು ಕಟ್ಟುವ ಕರ್ನಾಟಕದ ತಂಡದಲ್ಲಿ ಸದ್ಯ ಬಿಸಿ ಏರಬಹುದಾದ ನಂಬರೆಂದರೆ 1. ಅದು ಕೆ.ಎಲ್. ರಾಹುಲ್ ಬೆನ್ನ ಮೇಲಿದೆ. ವಿಜಯಪುರದ ರಾಜೇಶ್ವರಿ ಗಾಯಕ್‌ವಾಡ್ ಅವರೂ ಭಾರತದ ಮಹಿಳಾ ತಂಡಕ್ಕೆ ಆಡಿದ್ದು 1 ತೊಟ್ಟೇ. ಮಹಿಳಾ ತಂಡ ಬೇರೆ, ಬೆರೆಸಬಾರದು ಎನ್ನುವವರಿಗೆ ಈ ಆಟದ ಷರತ್ತನ್ನು ಇನ್ನೊಮ್ಮೆ ನೆನಪಿಸಬೇಕಾಗುತ್ತದೆ: ಕೇಳುವುದು ನಂಬರನ್ನು ಮಾತ್ರ. ನನ್ನ ಮತ ರಾಜೇಶ್ವರಿಗೆ. 2017ರ ವಿಶ್ವಕಪ್ಪಿನಲ್ಲಿ, ಸೋತರೆ ಮನೆಗೆ ಹೋಗಬೇಕಿದ್ದ ಪಂದ್ಯದಲ್ಲಿ, ಡರ್ಬಿಯಲ್ಲಿ ನ್ಯೂಜಿಲೆಂಡ್ ವಿರುದ್ಧ 15 ರನ್ನಿಗೆ 5 ವಿಕೆಟ್ ಕಿತ್ತ ಎಡಗೈ ಸ್ಪಿನ್ ಅವರದು, ಕುಂಬ್ಳೆಯ ಬಲಗೈ ಲೆಗ್‌ಸ್ಪಿನ್ನಿಗೆ ಸರಿಯಾದ ಜೋಡಿ. ರಾಹುಲ್ ಇಲ್ಲದಿದ್ದರೆ ಬ್ಯಾಟಿಂಗೂ ಕೀಪಿಂಗೂ ಎರಡೂ ಹೋಯಿತಲ್ಲ ಎಂದರೆ, 2003ರ ವಿಶ್ವಕಪ್ಪಿನಲ್ಲಿ ಫೈನಲ್‌ವರೆಗೂ ವಿಕೆಟ್ ಹಿಂದೆ ನಿಂತು ಆ ಎರಡೂ ಕೆಲಸ ಮಾಡಿದವರು ದ್ರಾವಿಡ್. ಅವರ 19 ತಂಡದಲ್ಲಿ ಆಗಲೇ ಇದೆ.