ನಾರಾಮಾಚಿಯ ಹೆಂಚುಗಳು
ಜಪಾನಿನ ನಾರಾಕ್ಕೆ ಹೋದವರು ತೋದಾಯ್‌ಜಿ ದೇವಾಲಯದ ಮಹಾಬುದ್ಧನನ್ನು ನೋಡಿ, ಜಿಂಕೆಗಳಿಗೆ ಬಿಸ್ಕತ್ತು ತಿನ್ನಿಸಿ ರೈಲು ಹತ್ತಿಬಿಡುತ್ತಾರೆ. 752ರಲ್ಲಿ ಆ ಮೂರ್ತಿಗೆ ಕಣ್ಣು ಬರೆದವನು ಭಾರತದ ಭಿಕ್ಷು ಬೋಧಿಸೇನ, ನೋಡಲೇಬೇಕು, ನಿಜ. ನನ್ನ ಕಾಲು ಮಾತ್ರ ನಾರಾಮಾಚಿಯ ಓಣಿಗಳಿಗೇ ಎಳೆಯುತ್ತದೆ. ಇಲ್ಲಿ ಮನೆಗಳ ಸೂರಿಗೆ ಕೆಂಪು ಬಟ್ಟೆಯ ಪುಟ್ಟ ಕೋತಿಗಳನ್ನು ಕಟ್ಟಿರುತ್ತಾರೆ. ಮನೆಯವರಿಗೆ ಬರುವ ಕೇಡನ್ನು ಅವೇ ಹೊರುತ್ತವೆಂಬ ನಂಬಿಕೆ.

ಈ ಪೇಟೆಯ ಬಹುಭಾಗ ಒಂದು ಕಾಲಕ್ಕೆ ಗಾಂಗೋಜಿ ದೇವಾಲಯದ ಆವರಣ. ರಾಜಧಾನಿ ನಾರಾಕ್ಕೆ ಬಂದ ಮೇಲೆ, 718ರಲ್ಲಿ, ಅಸುಕಾ ಪ್ರದೇಶದಿಂದ ದೇವಾಲಯವೂ ಬಂತು, ಹೆಂಚುಗಳ ಸಮೇತ! ಪಕ್ಕಕ್ಕೆ ಸರಿದು ದೇವಾಲಯದ ಮಾಡು ನೋಡಿ: ಕೆಂಗಂದು, ಬೂದು, ಕಪ್ಪು ಬೆರೆತ, ಒಂದು ತುದಿ ಕಿರಿದಾದ ಹೆಂಚುಗಳು. ಕೊರಿಯಾದ ಬೇಕ್ಜೆಯಿಂದ ಬಂದ ಕುಶಲಕರ್ಮಿಗಳ ಕಾಲದವು ಕೆಲವು, ಇಂದಿಗೂ ಮಳೆ ತಡೆಯುತ್ತಿವೆ. ಸಂಜೆ ಐದಕ್ಕೆ ಬಾಗಿಲು ಹಾಕುತ್ತಾರೆ, ಬೇಗ ಹೋಗಿ.